ವಾರ್ಡ್ ಸಮಿತಿಯೋ, ಪಾಲಿಕೆಯೋ?

ಬೆಂಗಳೂರಿನಲ್ಲಿ ಯಾವ ತೀರ್ಮಾನ ವಾರ್ಡ್ ಸಮಿತಿ ಕೈಲಿರಬೇಕು, ಯಾವುದು ಪಾಲಿಕೆ ಕೈಲಿರಬೇಕು ಅಂತ ಕೇಳಿದ್ದೀರಿ. ಪಾರ್ಕ್ ಗೇಟ್ ಎಷ್ಟಕ್ಕೆ ತೆಗೀಬೇಕು, ಫುಟ್‌ಪಾತಿನ ಯಾವ ಚಪ್ಪಡಿ ಅಲ್ಲಾಡುತ್ತಿದೆ ಅನ್ನೋದು ವಾರ್ಡ್‌ನವರಿಗೇ ಗೊತ್ತು. ನಮ್ಮ ಬೀದಿ ತಿರುವಿನ ಹೊಂಗೆ ಮರದ ಕೆಳಗೆ, ಹಾಲು ತರಲು ಹೋಗುವ ಅಜ್ಜಿ ದಿನಾ ಎಡವುವ ಕಲ್ಲು ದೂರದ ಆಫೀಸಿನ ನಕ್ಷೆಯಲ್ಲಿ ಕಾಣಲ್ಲ ಅಲ್ವಾ? ಇಂಥ ಕೆಲಸಕ್ಕೆ ಖರ್ಚೂ ಕಡಿಮೆ.

ಮಳೆನೀರು ಹರಿಯುವ ದೊಡ್ಡ ಕಾಲುವೆ, ಅಂದರೆ ರಾಜಕಾಲುವೆ, ಹಾಗಲ್ಲ. ಮೇಲಿನ ವಾರ್ಡ್ ತನ್ನ ನೀರು ಸರಾಗ ಹರಿಯಲಿ ಅಂತ ಅಗಲ ಮಾಡಿಕೊಂಡರೆ ಆ ನೀರು ಕೆಳಗಿನ ವಾರ್ಡ್‌ನವರ ಮನೆಗೆ ನುಗ್ಗುತ್ತದೆ, ಹಾಗಾಗಿ ಪಾಲಿಕೆಯೇ ಬೇಕು. ಸುಮಾರು 100 ಕಿ.ಮೀ. ದೂರದಿಂದ ಕಾವೇರಿ ನೀರು ತರುವ ಕೆಲಸ ಜಲಮಂಡಳಿಗೇ ಸರಿ.

3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ದುಡ್ಡು ಕೊಡದೆ ಸುಮ್ನೆ ಸಮಿತಿ ಮಾಡಿದರೆ ಮಾತ್ರ ನಾನು ಒಪ್ಪಲ್ಲ. ಕಸದ ಆಟೋ ಬರುವ ಸಮಯ ವಾರ್ಡ್‌ಗೆ, ಕಸ ಸುರಿಯುವ ಜಾಗ ಪಾಲಿಕೆಗೆ.