ಲಿಫ್ಟಾ, ರಿಡಕ್ಷನ್ನಾ: ಅಕ್ಕನದು ಒಂದು, ನನ್ನದು ಇನ್ನೊಂದು

ಅಕ್ಕ ಬ್ರೆಸ್ಟ್ ಲಿಫ್ಟ್ (ಜೋತ ಎದೆಯನ್ನು ಎತ್ತಿ ಕೂರಿಸುವುದು) ಮಾಡಿಸಿಕೊಂಡಳು, ನಾನು ರಿಡಕ್ಷನ್ (ಎದೆಯ ಗಾತ್ರ ಇಳಿಸುವುದು). ಎರಡೂ ಬೆಂಗಳೂರಿನಲ್ಲೇ. ಲಿಫ್ಟ್ ಅಂದರೆ ಚಿಕ್ಕ ಆಪರೇಷನ್, ರಿಡಕ್ಷನ್ ದೊಡ್ಡದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೊಲಿಗೆ ನೋಡಿದರೆ ಹಾಗೇನೂ ಅನಿಸುವುದಿಲ್ಲ. ತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ಕೆಳಕ್ಕೆ ಒಂದು, ಎದೆಯ ಕೆಳಗಿನ ಮಡಿಕೆಯಲ್ಲಿ ಅಡ್ಡಕ್ಕೆ ಒಂದು. ಇಬ್ಬರಿಗೂ ಅದೇ ಲಂಗರಿನ ಆಕಾರ. ಜೋತಿರುವುದು ಕಡಿಮೆ ಇದ್ದರೆ ಅಡ್ಡಗೆರೆ ಬೇಕಾಗದೆಯೂ ಇರಬಹುದು.

ವ್ಯತ್ಯಾಸ ಇರುವುದು ಒಳಗೆ. ಲಿಫ್ಟ್‌ನಲ್ಲಿ ಸಡಿಲ ಚರ್ಮ ತೆಗೆದು, ಇರುವುದನ್ನೇ ಮೇಲೆ ಜೋಡಿಸುತ್ತಾರೆ. ತೂಕ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ರಿಡಕ್ಷನ್‌ನಲ್ಲಿ ಚರ್ಮದ ಜೊತೆ ಕೊಬ್ಬು, ಗ್ರಂಥಿಯನ್ನೂ ತೆಗೆಯುತ್ತಾರೆ, ತೂಗಿ ಲ್ಯಾಬ್‌ಗೆ ಕಳಿಸುತ್ತಾರೆ. ತೊಟ್ಟು ಮೇಲಕ್ಕೆ ಬರುವುದು ಎರಡರಲ್ಲೂ ಇದ್ದೇ ಇದೆ.

ನನ್ನ ಗೋಳು ತೂಕದ್ದು. ಬ್ರಾ ಪಟ್ಟಿ ಕೂತ ಜಾಗದಲ್ಲಿ ಹೆಗಲ ಮೇಲೆ ಬೆರಳು ಇಡುವಷ್ಟು ಹಳ್ಳ. ಏಪ್ರಿಲ್ ಬಂತೆಂದರೆ ಎದೆಯ ಕೆಳಗೆ ಬೆವರುಸಾಲೆ, ಕೆಂಪು, ಉರಿ. ಪೌಡರ್ ಹಾಕಿ, ಹತ್ತಿ ಬಟ್ಟೆ ಮಡಚಿ ಇಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದೆ. ಮಿನಿಮೈಸರ್ ಬ್ರಾ ಹಾಕಿದೆ. ಅದು ಎದೆಯನ್ನು ಅಕ್ಕಪಕ್ಕಕ್ಕೆ ಒತ್ತುತ್ತದೆ, ಬ್ಲೌಸ್ ಚೆನ್ನಾಗಿ ಕೂರುತ್ತದೆ, ಭಾರ ಎಲ್ಲೂ ಹೋಗುವುದಿಲ್ಲ. ಗಟ್ಟಿ ಸ್ಪೋರ್ಟ್ಸ್ ಬ್ರಾ ವಾಕಿಂಗ್‌ಗೆ ಸರಿ, ಇಡೀ ದಿನ ಹಾಕಿದರೆ ಉಸಿರು ಕಟ್ಟುತ್ತದೆ. ಫಿಸಿಯೋಥೆರಪಿ ನಿಜಕ್ಕೂ ಕೆಲಸ ಮಾಡಿತು. ಆದರೆ ವ್ಯಾಯಾಮ ಬಿಟ್ಟ ವಾರವೇ ಕುತ್ತಿಗೆ ನೋವು ಹಾಜರ್. ತೂಕ ಇಳಿಸಿದಾಗ ಕೆನ್ನೆ ಇಳಿಯಿತು, ಎದೆ ಇದ್ದಲ್ಲೇ ಇತ್ತು. ಕೊಬ್ಬಿಗಿಂತ ಗ್ರಂಥಿ ಜಾಸ್ತಿ ಇದ್ದರೆ ಹಾಗೇ ಅಂತೆ.

ಅಕ್ಕನಿಗೆ ನೋವೇ ಇರಲಿಲ್ಲ. ಎರಡು ಮಕ್ಕಳಿಗೆ ಹಾಲು ಬಿಡಿಸಿದ ಮೇಲೆ ಎದೆ ಖಾಲಿ ಚೀಲದ ಹಾಗೆ ಇಳಿದಿತ್ತು. "ನನಗೆ ಆಕಾರ ಬೇಕು, ಅಷ್ಟೇ" ಅಂತ ನೇರವಾಗಿ ಹೇಳಿದಳು. ಅದರಲ್ಲಿ ತಪ್ಪೇನಿದೆ? ತಪ್ಪು ಅನ್ನಿಸಿದ್ದು ನನಗೂ ಲಿಫ್ಟ್ ಸಾಕು, ನೋವು ಹೋಗುತ್ತದೆ ಎಂದ ಒಬ್ಬ ಸರ್ಜನ್ ಮಾತು. ಅಷ್ಟೇ ಭಾರ ನಾಲ್ಕು ಬೆರಳು ಮೇಲೆ ಕೂತರೆ ಹೆಗಲಿಗೇನು ಲಾಭ, ಅಲ್ವಾ?

ಚೇತರಿಕೆ ಸುಮಾರಾಗಿ ಒಂದೇ ಥರ. ಪೂರ್ತಿ ಅನಸ್ತೇಷಿಯಾ, ಮುಂದೆ ಹುಕ್ ಇರುವ ಸರ್ಜಿಕಲ್ ಬ್ರಾ, ಅಂಗಾತ ನಿದ್ದೆ, 4ರಿಂದ 6 ವಾರ ಭಾರ ಎತ್ತುವಂತಿಲ್ಲ. ನನಗೆ ಗಾಯದ ನೀರು ಹೊರಹೋಗಲು ಡ್ರೇನ್ ಟ್ಯೂಬ್ ಹಾಕಿದ್ದರು, ಅವಳಿಗೆ ಇಲ್ಲ. ತಲೆ ಬಾಚಲು ಕೈ ಎತ್ತುವುದೇ ಇಬ್ಬರಿಗೂ ಕಷ್ಟವಾಗಿದ್ದು. ನನ್ನ ಒಂದು ತೊಟ್ಟಿನಲ್ಲಿ ಸ್ಪರ್ಶ ಇನ್ನೂ ಮಂದ, ಅವಳಿಗೆ ವಾಪಸ್ ಬಂತು. ಗುರುತು ಮಾಸಲು ವರ್ಷಕ್ಕೂ ಜಾಸ್ತಿ ಬೇಕು. ಸಿಲಿಕೋನ್ ಜೆಲ್ ಹಚ್ಚಬೇಕು, ಕೀಲಾಯ್ಡ್ (ಗಾಯದ ಗುರುತು ದಪ್ಪಗೆ ಉಬ್ಬುವುದು) ಏಳುವ ಮೈ ಇದ್ದರೆ ಮೊದಲೇ ಹೇಳಬೇಕು. ಮುಂದೆ ಹಾಲುಣಿಸುವ ಆಸೆ ಇದ್ದರೆ ರಿಡಕ್ಷನ್ ಮುಂದೂಡಿದರೆ ಒಳ್ಳೆಯದು, ಹಾಲು ಕಡಿಮೆಯಾಗಬಹುದು. ಲಿಫ್ಟ್ ಕೂಡ ಇನ್ನೊಂದು ಬಸಿರಿನಲ್ಲಿ ಮತ್ತೆ ಇಳಿಯಬಹುದು.

ದುಡ್ಡಿನ ವಿಷಯದಲ್ಲಿ ಮಾತ್ರ ದಾರಿ ಬೇರೆ. ಸೌಂದರ್ಯದ ಸರ್ಜರಿಗೆ ಆರೋಗ್ಯ ವಿಮೆ ಬರುವುದಿಲ್ಲ, ಅಕ್ಕ ಕೇಳಲೂ ಹೋಗಲಿಲ್ಲ. ಮೇಲೆ ಶೇ 18 ಜಿಎಸ್‌ಟಿ ಬೇರೆ ಕಟ್ಟಿದಳು. ನಾನು ಮೂಳೆ ಡಾಕ್ಟರ್ ಚೀಟಿ, ಫಿಸಿಯೋ ಬಿಲ್, ಚರ್ಮದ ಫೋಟೋ ಎಲ್ಲ ಜೋಡಿಸಿ ವಿಮಾ ಕಂಪನಿಯವರ ಹತ್ತಿರ ಮೊದಲೇ ಅನುಮತಿ ಕೇಳಿದೆ. ಒಮ್ಮೆ ಆಗಲ್ಲ ಎಂದರು, ಚಿಕಿತ್ಸೆಗೆ ಇದು ಅಗತ್ಯ ಎಂದು ಸರ್ಜನ್ ಬರೆದುಕೊಟ್ಟ ಮೇಲೆ ಒಂದು ಪಾಲು ಕೊಟ್ಟರು.