ತುಮಕೂರಿನ ಕುಟುಂಬ ಚಿಕಿತ್ಸೆ ತರಬೇತಿ: ಜೀನೋಗ್ರಾಂ ಪಾಠ ಸೊಗಸು, ಸೂಪರ್‌ವಿಷನ್ ಸಾಲದು

ಜಿಲ್ಲಾ ಆಸ್ಪತ್ರೆಯಲ್ಲೋ ವ್ಯಸನಮುಕ್ತಿ ಕೇಂದ್ರದಲ್ಲೋ ಕೆಲಸ ಮಾಡುವ ಮನಃಶಾಸ್ತ್ರಜ್ಞರು, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು ಮತ್ತು ನರ್ಸ್‌ಗಳಿಗಾಗಿ ತುಮಕೂರಿನಲ್ಲಿ ವಾರಾಂತ್ಯ ನಡೆಯುವ ಸ್ನಾತಕೋತ್ತರ ತರಬೇತಿ ಇದು. ಪಾವಗಡ, ಮಧುಗಿರಿ ಕಡೆಯವರು ರಜೆ ಹಾಕಿ ಬೆಂಗಳೂರಿಗೆ ಓಡಬೇಕಿಲ್ಲ ಎಂಬುದೇ ದೊಡ್ಡ ಅನುಕೂಲ.

ಇಲ್ಲಿನ ಅತ್ಯುತ್ತಮ ಭಾಗ ಜೀನೋಗ್ರಾಂ, ಅಂದರೆ ಮನೆಯವರನ್ನೂ ಅವರ ಸಂಬಂಧಗಳನ್ನೂ ಗುರುತುಗಳಲ್ಲಿ ತೋರಿಸುವ ಕುಟುಂಬದ ನಕ್ಷೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಚಿಕಿತ್ಸೆಗೆ ಬಂದವರ ಗುರುತಿನ ಸುತ್ತ ಜೋಡಿಗೆರೆ, ತೀರಿಕೊಂಡವರಿಗೆ ಒಳಗೊಂದು ಗುಣಾಕಾರದ ಗುರುತು, ಕನಿಷ್ಠ 3 ತಲೆಮಾರು. ಇಷ್ಟನ್ನು ಯಾವ ಪುಸ್ತಕ ನೋಡಿಯಾದರೂ ಕಲಿಯಬಹುದು. ಆದರೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಟ್ಟ ಮನೆಯ ಚಿತ್ರ ಬರೆಯಲು ಕೂತಾಗ ಪೆನ್ಸಿಲ್ ನಿಂತುಬಿಡುತ್ತದೆ: ಗಂಡನೇ ತಾಯಿಯ ತಮ್ಮ, ಅತ್ತೆಯೇ ಅಜ್ಜಿ. ಹೊಸಬರು ಒಬ್ಬರನ್ನೇ ಎರಡು ಕಡೆ ಬರೆದು ಸಂಬಂಧವನ್ನೇ ಕಳೆದುಕೊಳ್ಳುತ್ತಾರೆ. ಒಬ್ಬರಿಗೆ ಒಂದೇ ಗುರುತು ಹಾಕಿ, ದಂಪತಿಯ ನಡುವೆ, ರಕ್ತಸಂಬಂಧದ ಮದುವೆ ಎಂದು ತೋರಿಸಲು, ತಲೆಮಾರು ದಾಟುವ ಜೋಡಿಗೆರೆ ಎಳೆಸುತ್ತಾರೆ ಇಲ್ಲಿ. ಆಗ ಚಿಕಿತ್ಸೆಯ ಸುಳಿವೂ ಕಾಣುತ್ತದೆ. ಮಗಳು ಗಂಡನ ಮೇಲೆ ದೂರು ಹೇಳಿದರೆ ಅದು ತಾಯಿಗೆ ಒಡಹುಟ್ಟಿದ ತಮ್ಮನ ಮೇಲಿನ ದೂರು. ತವರೆಂದು ಬೇರೊಂದು ಆಸರೆ ಆ ಹುಡುಗಿಗೆ ಇರುವುದಿಲ್ಲ.

ಇಟಲಿಯ ಮಿಲಾನ್ ನಗರದ ಕುಟುಂಬ ಚಿಕಿತ್ಸಕರ ತಂಡದ ವೃತ್ತಾಕಾರದ ಪ್ರಶ್ನೆಗಳನ್ನೂ, ಅಂದರೆ ಮನೆಯ ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳುವ ಪ್ರಶ್ನೆಗಳನ್ನೂ, ಕನ್ನಡದಲ್ಲೇ ಅಭ್ಯಾಸ ಮಾಡಿಸುತ್ತಾರೆ. "ನಿಮ್ಮ ಯಜಮಾನ್ರು ಯಾಕೆ ಕುಡೀತಾರೆ?" ಎಂದು ಹೆಂಡತಿಯನ್ನು ಕೇಳಿದರೆ ಬರುವುದು ದೂರಿನ ಪಟ್ಟಿ. "ಅಣ್ಣ ಕುಡಿದು ಬಂದ ದಿನ ಅಮ್ಮ ಮೊದಲು ಯಾರ ಹತ್ರ ಮಾತಾಡ್ತಾರೆ? ಅತ್ತಿಗೆ ಆಗ ಏನ್ ಮಾಡ್ತಾರೆ?" ಎಂದು ತಮ್ಮನನ್ನು ಕೇಳಿದರೆ ಮನೆ ನಡೆಯುವ ರೀತಿ ಹೊರಬರುತ್ತದೆ. ಹಿರಿಯರನ್ನು ಬಿಟ್ಟು ಸೊಸೆಯನ್ನು ಮೊದಲು ಮಾತಾಡಿಸಿದರೆ ಮುಂದಿನ ವಾರ ಆ ಕುಟುಂಬ ಬರುವುದೇ ಇಲ್ಲ ಎಂಬ ಎಚ್ಚರಿಕೆಯೂ ಪಾಠದಲ್ಲಿದೆ. ತುಂಬಾ ಸರಿಯಾದ ಮಾತು.

ಸಿದ್ಧಾಂತದ ತರಗತಿಗಳು ಪರವಾಗಿಲ್ಲ. ಕುಟುಂಬ ಚಿಕಿತ್ಸೆಯ ಪ್ರವರ್ತಕರಾದ ಬೋವೆನ್, ಮಿನುಚಿನ್, ಸಟೀರ್ ಎಲ್ಲರೂ ಬರುತ್ತಾರೆ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡ ಡಾ. ವಿದ್ಯಾಸಾಗರ್ ಅವರ ಹೆಸರೇ ಇಲ್ಲದಿರುವುದು ಬೇಸರದ ಸಂಗತಿ.

ದೊಡ್ಡ ಕೊರತೆ ಸೂಪರ್‌ವಿಷನ್‌ನದು, ಅಂದರೆ ಕಲಿಯುವವರ ಕೆಲಸವನ್ನು ಹಿರಿಯರು ನೋಡಿ ತಿದ್ದುವುದರದು. ಮಿಲಾನ್ ಪದ್ಧತಿಯ ಸೆಷನ್‌ಗೆ ಐದು ಹಂತ: ಮುಂಚಿನ ಚರ್ಚೆ, ಸಂದರ್ಶನ, ನಡುವೆ ಆಚೆ ಕೂತು ನೋಡುತ್ತಿರುವ ತಂಡದ ಸಮಾಲೋಚನೆ, ಕುಟುಂಬಕ್ಕೆ ಹೇಳುವ ಮಾತು, ಕೊನೆಯ ವಿಮರ್ಶೆ. ಇದಕ್ಕೆ ಏಕಮುಖ ಕನ್ನಡಿಯೇ (ಒಂದು ಕಡೆಯಿಂದ ಮಾತ್ರ ಆಚೆ ಕಾಣುವ ಗಾಜು) ಬೇಕೆಂದಿಲ್ಲ. ಮನೆಯವರ ಲಿಖಿತ ಒಪ್ಪಿಗೆ ಪಡೆದು, ಒಂದು ಕ್ಯಾಮೆರಾ ಇಟ್ಟು, ಪಕ್ಕದ ಕೋಣೆಯಲ್ಲಿ ಟಿವಿ ಹಾಕಿದರೆ ಸಾಕು. ಇಲ್ಲಿ ಅದೂ ಇಲ್ಲ. ಕಲಿಯುವವರು ಬರೆದು ತಂದ ಕೇಸ್ ವರದಿಯ ಮೇಲಷ್ಟೇ ಚರ್ಚೆ. ತಾನು ಯಾರ ಪಕ್ಷಕ್ಕೆ ವಾಲಿದೆ, ಯಾರ ಮಾತನ್ನು ಅರ್ಧಕ್ಕೆ ತುಂಡರಿಸಿದೆ ಎಂಬುದು ಯಾರ ವರದಿಯಲ್ಲೂ ಇರುವುದಿಲ್ಲ. ವರದಿ ನೋಡಿ ತಿದ್ದುವವರಿಗೆ ಅದು ಗೊತ್ತಾಗುವ ದಾರಿಯೂ ಇಲ್ಲ.

ಕೌಟುಂಬಿಕ ಹಿಂಸೆಗೆ ಕೊಟ್ಟ ಸಮಯವೂ ತೀರಾ ಕಡಿಮೆ. ಗಂಡ-ಹೆಂಡತಿಯನ್ನು ಜೊತೆಗೆ ಕೂರಿಸುವ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸಲೇಬೇಕು. ಹೊಡೆತ ತಿನ್ನುವ ಹೆಂಗಸು ಗಂಡನೆದುರು ನಿಜ ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೆ ಬೆಲೆ ತೆರುವವಳು ಅವಳೇ. ಅಂಥ ಕಡೆ ಜಂಟಿ ಸೆಷನ್ ಬದಿಗಿಟ್ಟು ಸುರಕ್ಷತೆಯ ಯೋಜನೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿಯ ಸಂರಕ್ಷಣಾಧಿಕಾರಿ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ ಇವುಗಳ ಸಂಪರ್ಕ ಆಗಬೇಕು. ಇದಕ್ಕೆ ಒಂದಿಡೀ ದಿನ ಮೀಸಲಿಡಲೇಬೇಕು.

ಈ ಪ್ರಮಾಣಪತ್ರದಿಂದ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಸಿಗುವುದಿಲ್ಲ. ಆ ಆಸೆ ಇಟ್ಟುಕೊಂಡು ಸೇರಬೇಡಿ. ಈಗಾಗಲೇ ಕುಟುಂಬಗಳನ್ನು ನೋಡುತ್ತಿರುವವರು ಖಂಡಿತ ಸೇರಬಹುದು. ಹೊಸದಾಗಿ ಓದು ಮುಗಿಸಿದವರು ಮಾತ್ರ ಶುಲ್ಕ ಕಟ್ಟುವ ಮುಂಚೆ, ತಾವು ನಡೆಸುವ ಎಷ್ಟು ಸೆಷನ್‌ಗಳನ್ನು ಹಿರಿಯರು ಎದುರಿಗೇ ಕೂತು ನೋಡುತ್ತಾರೆ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಲಿ.