ಸ್ಕೂಲ್ ಕಮಿಟಿ ಮೀಟಿಂಗ್ ಬರೆಯೋ ಗುಮಾಸ್ತರ ಸರ್ವಿಸ್, ದಾವಣಗೆರೆ – ಐದಕ್ಕೆ ನಾಲ್ಕು ಸ್ಟಾರ್

ರಾಂ ಅಂಡ್ ಕೋ ಸರ್ಕಲ್ಲಿಂದ ಸ್ವಲ್ಪ ಒಳಗೆ ಹೋದ್ರೆ ಜೆರಾಕ್ಸ್ ಅಂಗಡಿ ಮೇಲೆ ಒಂದು ರೂಮು, ಬೋರ್ಡೂ ನೆಟ್ಟಗಿಲ್ಲ. ಅನುದಾನಿತ ಹೈಸ್ಕೂಲಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ರಿಟೈರ್ ಆದ ಹಿರಿಯರೊಬ್ರು, ಟೈಪ್ ಮಾಡೋಕೆ ಒಂದು ಹುಡುಗಿ, ಅಷ್ಟೇ ಸ್ಟಾಫು. ಸ್ವಂತಕ್ಕೆ ಗುಮಾಸ್ತರನ್ನ ಇಟ್ಕೊಳ್ಳೋಕಾಗದ ಸಣ್ಣ ಪ್ರೈವೇಟ್ ಶಾಲೆಗಳ ಆಡಳಿತ ಮಂಡಳಿಗೆ ಇವರು ನೋಟೀಸ್ ಹೊರಡಿಸ್ತಾರೆ, ಅಜೆಂಡಾ ಮಾಡ್ತಾರೆ, ಮೀಟಿಂಗ್‌ಗೆ ಬಂದು ಕೂತು ನಡಾವಳಿ ಬರೀತಾರೆ, ಆಮೇಲೆ ಯಾರು ಏನು ಮಾಡ್ತೀನಂತ ಒಪ್ಕೊಂಡಿದ್ರೋ ಅವರಿಗೆ ಫೋನ್ ಮಾಡಿ ತಲೆ ತಿಂತಾರೆ. ನಮ್ಮ ಸಂಸ್ಥೆಗೆ ನಾನು ಜಂಟಿ ಕಾರ್ಯದರ್ಶಿ, ಹಂಗಾಗಿ ಇವರ ಜೊತೆ ಜಾಸ್ತಿ ಒಡನಾಟ ನಂದೇ.

ಇದಕ್ಕೆ ಮುಂಚೆ ನಾವು ಒಂದು ಡಿಟಿಪಿ ಸೆಂಟರ್‌ನಾಗೆ ಮಾಡಿಸ್ತಿದ್ವಿ, ಹೆಸರು ಬೇಡ ಬಿಡ್ರಿ. ಅವ್ರತ್ರ ಒಂದೇ ಫೈಲು, ಎಲ್ಲಾ ಶಾಲೆಗೂ ಅದೇ, "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಪುಟದ ತುಂಬ. ಬ್ಯಾಂಕಲ್ಲಿ ಸಹಿ ಮಾಡೋರನ್ನ ಬದಲಾಯಿಸೋಕೆ ಠರಾವಿನ ಪ್ರತಿ ಕೊಟ್ರೆ ಮ್ಯಾನೇಜರ್ ಓದಿ ನಕ್ರು, ಠರಾವು ಮಂಡಿಸಿದ ಸೂಚಕರು, ಅದನ್ನ ಬೆಂಬಲಿಸಿದ ಅನುಮೋದಕರ ಹೆಸರೇ ಇಲ್ಲ, ಮೂರನೇ ಸಾಲಲ್ಲಿ ಹರಿಹರದ ಕಡೆ ಯಾವ್ದೋ ಶಾಲೆ ಹೆಸರು ಹಂಗೇ ಉಳ್ಕೊಂಡಿತ್ತು.

ಈ ಹಿರಿಯರ ಕೆಲಸ ಬೇರೇನೇ. ಮೊದಲ ಸಲ ಹೋದಾಗ ರೇಟ್ ಹೇಳೋಕ್ಕಿಂತ ಮುಂಚೆ ಬೈಲಾ, ಅಂದ್ರೆ ಸಂಸ್ಥೆ ನಿಯಮಾವಳಿ, ತಗೊಂಬರ್ರಿ ಅಂದ್ರು. ನೋಟೀಸ್ ಎಷ್ಟು ದಿನ ಮುಂಚೆ ಕೊಡ್ಬೇಕು, ಕೋರಂ ಅಂದ್ರೆ ಸಭೆ ನಡೆಯೋಕೆ ಕನಿಷ್ಠ ಎಷ್ಟು ಜನ ಇರ್ಬೇಕು, ಅಧ್ಯಕ್ಷರು ಬರದಿದ್ರೆ ಯಾರು ಕೂರ್ಬೇಕು, ಎಲ್ಲಾ ಅದರಾಗೇ ಇರ್ತತೆ, ನಮ್ಮಲ್ಲಿ ಅದನ್ನ ಓದಿದೋರು ಯಾರೂ ಇರಲಿಲ್ಲ ಬಿಡ್ರಿ. ಸಂಘಗಳ ನೋಂದಣಿ ಕಾಯ್ದೆ 1960ರದ್ದು, ಅದರ ಕೆಳಗೆ ರಿಜಿಸ್ಟರ್ ಆದ ಸಂಸ್ಥೆ ವರ್ಷಕ್ಕೊಂದು ಸಲ ಸರ್ವಸದಸ್ಯರ ಸಭೆ ಮಾಡ್ಬೇಕು, ಆಡಳಿತ ಮಂಡಳಿ ಪಟ್ಟಿ ಮತ್ತೆ ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿ ಕಚೇರಿಗೆ ಸಲ್ಲಿಸ್ಬೇಕು. ಅದನ್ನ ಇವರು ಕ್ಯಾಲೆಂಡರ್‌ನಾಗೆ ಕೆಂಪು ಪೆನ್ನಲ್ಲಿ ಗುರುತು ಹಾಕಿ ಇಟ್ಕೊಂಡಿರ್ತಾರೆ.

ಆದ್ರೆ ನಾನು ದುಡ್ಡು ಕೊಡೋದು ಇದ್ಯಾವುದಕ್ಕೂ ಅಲ್ಲ, ಅವರು ಅಧ್ಯಕ್ಷರಿಗೆ ಎದುರಿಗೇ "ಆಗಲ್ಲ" ಅಂತಾರಲ್ಲ, ಅದಕ್ಕೆ. ಒಂದು ಮೀಟಿಂಗ್‌ನಾಗೆ ನಮ್ಮ ಅಧ್ಯಕ್ಷರು ಕೊನೇಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ" ಬಂದಾಗ ಸ್ಕೂಲ್ ವ್ಯಾನ್ ತಗೊಳ್ಳೋಣ ಅಂತ ಶುರು ಮಾಡಿದ್ರು, ಡೀಲರ್ ಹತ್ರ ಮಾತಾಡಿ ಬಂದಿದ್ರು ಅಂತ ಕಾಣ್ತತೆ, ಎಲ್ಲರೂ ಹೂಂ ಹೂಂ ಅಂತಿದ್ರು, ಯಾಕಂದ್ರೆ ಮಿರ್ಚಿ ಮಂಡಕ್ಕಿ ಆಗ್ಲೇ ಬಂದು ಆರ್ತಾ ಇತ್ತು. ಇವರು ತಲೆ ಎತ್ತಿ, "ಯಜಮಾನ್ರೇ, ವ್ಯಾನ್ ಇತರೆ ವಿಷಯ ಆಗಲ್ಲ. ನೋಟೀಸ್‌ನಾಗಿಲ್ಲ, ಬರದೇ ಇರೋ ಮೆಂಬರ್‌ಗಳಿಗೆ ಗೊತ್ತೂ ಇಲ್ಲ. ಚರ್ಚೆ ಮಾಡ್ರಿ, ಬರ್ಕೊಳ್ತೀನಿ. ದುಡ್ಡಿನ ಠರಾವು ಮಾತ್ರ ಮುಂದಿನ ಮೀಟಿಂಗಿಗೆ, ಮೂರು ಕೊಟೇಶನ್ ಇಟ್ಕೊಂಡು" ಅಂದ್ರು. ಅಧ್ಯಕ್ಷರ ಮುಖ ಕೆಂಪಾಯ್ತು. "ನೀವು ಬರಿಯೋಕೆ ಬಂದಿರೋದೋ, ಹೇಳೋಕೆ ಬಂದಿರೋದೋ?" ಅಂತ ಕೇಳೇಬಿಟ್ರು. "ಎರಡಕ್ಕೂ ಸಾರ್" ಅಂತ ಹೇಳಿ ಮತ್ತೆ ಬರೆಯೋಕೆ ಹತ್ತಿದ್ರು. ಅಷ್ಟೊತ್ತಿಗೆ ಇಬ್ರು ಎದ್ದು ಹೊರಟ್ರು, ಇವರು ಗೋಡೆ ಗಡಿಯಾರ ನೋಡಿ ಅವರು ಹೋದ ಟೈಮ್ ಬರ್ಕೊಂಡ್ರು, ಉಳಿದ ತಲೆ ಎಣಿಸಿ "ಕೋರಂ ಹೋಯ್ತು" ಅಂತ ಪೆನ್ನಿನ ಕ್ಯಾಪ್ ಹಾಕಿದ್ರು. ಮುಗೀತು ಮೀಟಿಂಗ್.

ನಡಾವಳಿ ಪುಸ್ತಕ ನೋಡ್ಬೇಕು ನೀವು. ಜಗಳ ಎಲ್ಲಾ ಬರೆಯಲ್ಲ, ಯಾರು ಯಾರಿಗೆ ಏನಂದ್ರು ಅನ್ನೋದು ಅದರಾಗಿಲ್ಲ. ತೀರ್ಮಾನ ಏನು, ಯಾಕೆ, ಯಾರು ಮಾಡ್ಬೇಕು, ಎಷ್ಟರೊಳಗೆ, ವಿರೋಧ ಇದ್ರೆ ವಿರೋಧಿಸಿದವರ ಹೆಸರು. ಪುಟದ ಕೆಳಗೆ ಜಾಗ ಖಾಲಿ ಉಳಿದ್ರೆ ಅಡ್ಡಗೆರೆ ಎಳೆದುಬಿಡ್ತಾರೆ, ಆಮೇಲೆ ಯಾರೂ ಒಂದು ಸಾಲು ತುರುಕೋ ಹಾಗಿಲ್ಲ. ಪ್ರಿಂಟ್ ತೆಗೆದು ಅಂಟಿಸಿದ್ರೆ ಹಾಳೆ ಅರ್ಧ ಪುಸ್ತಕ ಅರ್ಧ ಬರೋ ಹಾಗೆ ಅಂಚಿನ ಮೇಲೆ ಅಧ್ಯಕ್ಷರ ಸಹಿ. ಮುಂದಿನ ಮೀಟಿಂಗ್‌ನಾಗೆ ಓದಿ ದೃಢೀಕರಿಸೋ ತನಕ ಅದು ಕರಡು ಅಷ್ಟೇ ಅಂತಾರೆ.

ಸರ್ಕಾರಿ ಶಾಲೆ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇವರು ಬರ್ತಾರಾ ಅಂತ ನಮ್ಮೂರ ಕಡೆಯೋರು ಕೇಳಿದ್ರು. ಅಲ್ಲಿ ಮುಖ್ಯ ಶಿಕ್ಷಕರೇ ಸದಸ್ಯ ಕಾರ್ಯದರ್ಶಿ, ಹಂಗಾಗಿ ಬರಿಯೋ ಜವಾಬ್ದಾರಿ ಅವರದ್ದೇ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 2009ರ ಪ್ರಕಾರ ಕಮಿಟೀಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರ್ಬೇಕು, ಶಾಲಾ ಅಭಿವೃದ್ಧಿ ಯೋಜನೆ ಮಾಡ್ಬೇಕು, ಆದ್ರೆ ಪಾಠ, ಬಿಸಿಯೂಟ, ಆನ್‌ಲೈನ್ ಎಂಟ್ರಿ ಎಲ್ಲಾ ಮುಗಿಸಿ ಮೇಷ್ಟ್ರು ನಡಾವಳಿ ಬರೆಯೋದು ಯಾವಾಗ ಹೇಳ್ರಿ. ಮೇಲಾಗಿ ಹೆಡ್‌ಮಾಸ್ಟರ್ ಕೆಲಸದ ಬಗ್ಗೆನೇ ಪ್ರಶ್ನೆ ಬಂದ್ರೆ ಅದನ್ನೂ ಅವರೇ ಬರೀಬೇಕಲ್ಲ. ಇಂಗ್ಲೆಂಡ್‌ನಾಗೆ ಸರ್ಕಾರಿ ದುಡ್ಡಿನಿಂದ ನಡೆಯೋ ಮೇಂಟೇನ್ಡ್ ಶಾಲೆಗಳ ಗವರ್ನಿಂಗ್ ಬಾಡಿ ಕ್ಲರ್ಕ್‌ನ ನೇಮಿಸ್ಲೇಬೇಕು, 2013ರ ನಿಯಮದ ಪ್ರಕಾರ ಆ ಶಾಲೆ ಹೆಡ್ ಟೀಚರ್ರೂ ಗವರ್ನರ್‌ಗಳೂ ಆ ಕ್ಲರ್ಕ್ ಆಗೋ ಹಾಗಿಲ್ಲ. ನಮ್ಮಲ್ಲೂ ಹಂಗೊಂದು ಪೋಸ್ಟ್ ಕೊಟ್ರೆ ಮೇಷ್ಟ್ರಿಗೆ ಉಸಿರಾಡೋಕೆ ಟೈಮ್ ಸಿಗ್ತಿತ್ತು. ಇವರು ಎಸ್‌ಡಿಎಂಸಿಯವರಿಗೆ ಫ್ರೀಯಾಗಿ ಅಜೆಂಡಾ ಮಾದರಿ ಕೊಡ್ತಾರೆ, ಮೀಟಿಂಗ್‌ಗೆ ಹೋಗಲ್ಲ.

ಈಗ ಕಟ್ ಮಾಡಿದ ಸ್ಟಾರ್. ಟೈಪಿಂಗ್ ಎಲ್ಲಾ ಹಳೇ ನುಡಿ ಫಾಂಟಲ್ಲಿ. ಮೇಲ್ ಮಾಡಿದ್ರೆ ನಮ್ಮ ಮೊಬೈಲಲ್ಲಿ ಕಂಬಳಿಹುಳ ಹರಿದಾಡಿದಂಗೆ ಅಕ್ಷರ, ಎಲ್ಲಾ ಫೋನಲ್ಲೂ ಓದೋಕಾಗೋ ಯೂನಿಕೋಡ್‌ಗೆ ಬದಲಾಯಿಸ್ಕೊಡ್ರಿ ಅಂದ್ರೆ ಆ ಹುಡುಗಿ ರೆಡಿ, ಹಿರಿಯರು ಒಪ್ಪಲ್ಲ. ಸಂಜೆ ಏಳಾದ್ಮೇಲೆ ಫೋನ್ ಸ್ವಿಚ್ ಆಫ್. ಅಡ್ಮಿಷನ್ ಟೈಮಲ್ಲಿ, ಆಡಿಟ್ ಟೈಮಲ್ಲಿ ಡೇಟ್ ಸಿಗೋದೇ ಕಷ್ಟ, ಒಂದ್ಸಲ ನಾವೇ ಮೀಟಿಂಗ್ ಮುಂದಕ್ಕೆ ಹಾಕ್ಬೇಕಾಯ್ತು. ಇನ್‌ಕಮ್ ಟ್ಯಾಕ್ಸ್, ತೆರಿಗೆ ವಿನಾಯಿತಿ ಅಂದ್ರೆ ಕೈ ಮುಗಿದು ಆಡಿಟರ್ ಕಡೆ ಕಳಿಸ್ತಾರೆ, ಅದು ಸರಿನೇ ಬಿಡ್ರಿ.

ರೇಟು ತಿಂಗಳಿಗೆ 3,500, ಮೀಟಿಂಗ್ ಊರಾಚೆ ಇದ್ರೆ ಆಟೋ ಬೇರೆ. ನಮ್ಮ ಖಜಾಂಚಿ ಇದು ಜಾಸ್ತಿ ಅಂತ ಇನ್ನೂ ಗೊಣಗ್ತಾನೇ ಇದಾರೆ. ಹೋಗೋರು ಬೈಲಾ, ನೋಂದಣಿ ಸರ್ಟಿಫಿಕೇಟು, ಹೋದ ವರ್ಷದ ಆಡಿಟ್ ರಿಪೋರ್ಟು, ಹಳೇ ನಡಾವಳಿ ಪುಸ್ತಕ ಇಷ್ಟೂ ಒರಿಜಿನಲ್ ತಗೊಂಡು ಬೆಳಿಗ್ಗೆ ಹನ್ನೊಂದರೊಳಗೆ ಹೋಗ್ರಿ, ಜೆರಾಕ್ಸ್ ಕೆಳಗೇ ಮಾಡಿಸ್ಕೋಬಹುದು. ಅಧ್ಯಕ್ಷರನ್ನೂ ಜೊತೆಗೆ ಕರ್ಕೊಂಡು ಹೋದ್ರೆ ಒಳ್ಳೇದು, ಆ "ಆಗಲ್ಲ" ಅನ್ನೋದನ್ನ ಅವರು ಮೊದಲೇ ಒಂದ್ಸಲ ಕೇಳಿಸ್ಕೊಂಡಿರ್ಲಿ.